ಬೋರ್ಡಿಗೋ, ನಿಮಗೋ, ಸಂಸ್ಥೆಗೋ: ನಿಮ್ಮ ವಿಂಡೋಸ್ ಲೈಸೆನ್ಸ್ ಯಾವುದಕ್ಕೆ ಅಂಟಿಕೊಂಡಿದೆ?

ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಹಿಡಿದರೆ ಮಲೆನಾಡಿನಲ್ಲಿ ಕಂಪ್ಯೂಟರ್ ಮದರ್‌ಬೋರ್ಡುಗಳಿಗೆ ಕೇಡುಗಾಲ. ಸಿಡಿಲಿನ ಸರ್ಜ್ ಬರುವುದು ಕರೆಂಟಿನ ತಂತಿಯಿಂದ ಮಾತ್ರವಲ್ಲ. ಯುಪಿಎಸ್ ಇದ್ದರೂ ಬ್ರಾಡ್‌ಬ್ಯಾಂಡ್ ಕೇಬಲ್ಲಿನ ಮೂಲಕ ಲ್ಯಾನ್ ಪೋರ್ಟಿಗೆ ನುಗ್ಗಿ ಬೋರ್ಡನ್ನು ಸುಡುತ್ತದೆ. ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಶಿವಮೊಗ್ಗಕ್ಕೆ ಹೊತ್ತು ತಂದು, ಬೋರ್ಡ್ ಬದಲಾಯಿಸಿ, ಮನೆಗೆ ಒಯ್ದು ಆನ್ ಮಾಡಿದರೆ ಪರದೆಯ ಬಲಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರ. ದುಡ್ಡು ಕೊಟ್ಟು ಕೊಂಡ ಲ್ಯಾಪ್‌ಟಾಪಿನ ವಿಂಡೋಸ್ ಎಲ್ಲಿ ಹೋಯಿತು ಎಂಬ ಪ್ರಶ್ನೆ ಆಗ ಏಳುತ್ತದೆ.

ಉತ್ತರ ಇಷ್ಟೆ. ವಿಂಡೋಸ್ ಎಂದರೆ ಡಿಸ್ಕಿನಲ್ಲಿರುವ ಫೈಲುಗಳು. ಅವನ್ನು ಯಾರು ಬೇಕಾದರೂ ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿಕೊಳ್ಳಬಹುದು. ಲೈಸೆನ್ಸ್ ಎಂದರೆ ಅದನ್ನು ಬಳಸುವ ಹಕ್ಕು. 25 ಅಕ್ಷರಗಳ ಪ್ರಾಡಕ್ಟ್ ಕೀ ಆ ಹಕ್ಕನ್ನು ತೋರಿಸುವ ಗುರುತೇ ಹೊರತು ಹಕ್ಕೇ ಅಲ್ಲ. ಹಕ್ಕು ಮೂರರಲ್ಲಿ ಒಂದಕ್ಕೆ ಅಂಟಿರುತ್ತದೆ: ಮದರ್‌ಬೋರ್ಡಿಗೆ, ಕೊಂಡವರಿಗೆ, ಇಲ್ಲವೇ ಒಂದು ಸಂಸ್ಥೆಗೆ. ರಿಪೇರಿಗೆ ಕೊಡುವ ಮೊದಲು, ಸೆಕೆಂಡ್ ಹ್ಯಾಂಡ್ ಕೊಳ್ಳುವ ಮೊದಲು ತಿಳಿಯಬೇಕಾದದ್ದು ಇದನ್ನೇ.

ಈಗ ಏನಿದೆ ಎಂದು ನೋಡುವುದು

ವಿಂಡೋಸ್ ಕೀ ಹಿಡಿದು ‘ಆರ್’ ಒತ್ತಿ. ತೆರೆಯುವ ರನ್ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಎಸ್, ಎಲ್, ಎಂ, ಜಿ, ಆರ್ ಬರೆದು, ಒಂದು ಸ್ಪೇಸ್ ಬಿಟ್ಟು, ಮುಂದಕ್ಕೆ ಬಾಗಿದ ಸ್ಲ್ಯಾಶ್ ಹಾಕಿ, ಅದಕ್ಕೆ ತಾಗಿಸಿ ಡಿ, ಎಲ್, ಐ ಬರೆದು ಎಂಟರ್ ಒತ್ತಿ. ಕೆಲವು ಸೆಕೆಂಡುಗಳಲ್ಲಿ ಚಿಕ್ಕ ಕಿಟಕಿ ಬರುತ್ತದೆ. ಅದರ ‘ಡಿಸ್ಕ್ರಿಪ್ಶನ್’ ಸಾಲಿನ ಕೊನೆಯಲ್ಲಿ ಚಾನೆಲ್ ಹೆಸರು, ಅಂದರೆ ಲೈಸೆನ್ಸ್ ಯಾವ ದಾರಿಯಲ್ಲಿ ಬಂತು ಎಂಬುದು, ಇರುತ್ತದೆ. ‘ಓಇಎಂ_ಡಿಎಂ’ ಎಂದಿದ್ದರೆ ಲ್ಯಾಪ್‌ಟಾಪ್ ಕಂಪನಿಯೇ (ಓಇಎಂ ಎಂದರೆ ಯಂತ್ರ ತಯಾರಕರು) ಕೊಟ್ಟ, ಬೋರ್ಡಿನೊಳಗೆ ಕೂತಿರುವ ಲೈಸೆನ್ಸ್. ‘ಓಇಎಂ_ಸಿಒಎ’ ಎಂದು ಶುರುವಾದರೆ ಅಸೆಂಬಲ್ ಮಾಡಿದವರು ಸ್ಟಿಕ್ಕರ್ ಸಮೇತ ಕೊಟ್ಟ ಓಇಎಂ. ‘ರೀಟೇಲ್’ ಎಂದರೆ ಪ್ರತ್ಯೇಕವಾಗಿ ಕೊಂಡದ್ದು. ‘ವಾಲ್ಯೂಮ್_ಎಂಎಕೆ’ ಅಥವಾ ‘ವಾಲ್ಯೂಮ್_ಕೆಎಂಎಸ್‌ಕ್ಲೈಂಟ್’ ಎಂದರೆ ಸಂಸ್ಥೆಗಳದ್ದು.

ಇಲ್ಲೊಂದು ತಿರುವಿದೆ. ‘ರೀಟೇಲ್’ ಎಂದು ಕಂಡ ಮಾತ್ರಕ್ಕೆ ಕೈಯಲ್ಲಿ ರೀಟೇಲ್ ಲೈಸೆನ್ಸ್ ಇದೆ ಎಂದಲ್ಲ. ಅದೇ ಕಿಟಕಿಯಲ್ಲಿ ಕೀಯ ಕೊನೆಯ ಐದು ಅಕ್ಷರ ಕಾಣುತ್ತದೆ. ಅದು ‘3ವಿ66ಟಿ’ (ಪ್ರೊ ಆವೃತ್ತಿ) ಅಥವಾ ‘8ಎಚ್‌ವಿಎಕ್ಸ್7’ (ಹೋಂ ಆವೃತ್ತಿ) ಆಗಿದ್ದರೆ ಅದು ಎಲ್ಲರಿಗೂ ಒಂದೇ ಆದ ಸಾಮಾನ್ಯ ಕೀ. ಹಕ್ಕು ಇರುವುದು ಡಿಜಿಟಲ್ ಲೈಸೆನ್ಸ್ ರೂಪದಲ್ಲಿ, ಆ ಯಂತ್ರದ ಗುರುತಿನೊಂದಿಗೆ ಮೈಕ್ರೋಸಾಫ್ಟ್ ಸರ್ವರಿನಲ್ಲಿ. ಹಳೇ ವಿಂಡೋಸ್ 7ರಿಂದ 10ಕ್ಕೆ ಉಚಿತವಾಗಿ ಏರಿಸಿಕೊಂಡವರದ್ದು ಸಾಮಾನ್ಯವಾಗಿ ಹೀಗೇ ಇರುತ್ತದೆ. ಈ ಕೀಯನ್ನು ಬರೆದಿಟ್ಟುಕೊಂಡು ಬೇರೆ ಯಂತ್ರಕ್ಕೆ ಹಾಕಿದರೆ ಏನೂ ಸಿಗದು.

ಇದೇ ಆಜ್ಞೆಯಲ್ಲಿ ಡಿಎಲ್‌ಐ ಬದಲು ಎಕ್ಸ್, ಪಿ, ಆರ್ ಎಂದು ಹಾಕಿ ಮತ್ತೊಮ್ಮೆ ಓಡಿಸಿ. ‘ಪರ್ಮನೆಂಟ್ಲಿ ಆಕ್ಟಿವೇಟೆಡ್’ ಎಂದು ಬರಬೇಕು. ಮುಗಿಯುವ ದಿನಾಂಕ ಬಂದರೆ, ಅದೂ ಮನೆಯ ಲ್ಯಾಪ್‌ಟಾಪಿನಲ್ಲಿ ಬಂದರೆ, ಕೆಳಗೆ ವಾಲ್ಯೂಮ್ ಲೈಸೆನ್ಸಿನ ಭಾಗವನ್ನು ಗಮನವಿಟ್ಟು ಓದಿ.

ಬೋರ್ಡಿಗೆ ಅಂಟಿದ್ದು: ಓಇಎಂ

ವಿಂಡೋಸ್ 8 ಬಂದ 2012ರಿಂದ ಈಚೆಗೆ ದೊಡ್ಡ ಕಂಪನಿಗಳು ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರಿನೊಳಗೇ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಬರೆದು ಕಳಿಸುತ್ತವೆ. ಹಾಗಾಗಿ ಲ್ಯಾಪ್‌ಟಾಪಿನ ಅಡಿಯಲ್ಲಿ ಕೀ ಸ್ಟಿಕ್ಕರ್ ಹುಡುಕಿ ಪ್ರಯೋಜನವಿಲ್ಲ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಹೆಚ್ಚಿಸಿ, ಎಷ್ಟು ಸಲ ಬೇಕಾದರೂ ಫಾರ್ಮ್ಯಾಟ್ ಹೊಡೆಸಿ. ಲೈಸೆನ್ಸಿಗೆ ಏನೂ ಆಗುವುದಿಲ್ಲ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲಿನಿಂದ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ತಯಾರಿಸಿ ಇನ್‌ಸ್ಟಾಲ್ ಮಾಡಿದರೆ ಸೆಟಪ್ಪೇ ಬೋರ್ಡಿನಿಂದ ಕೀ ಓದಿಕೊಂಡು, ಯಾವ ಆವೃತ್ತಿ ಬೇಕೆಂದೂ ಕೇಳದೆ ಮುಂದೆ ಹೋಗುತ್ತದೆ. ಕೀ ಕೇಳಿ ನಿಂತಿತು ಎಂದರೆ ಬೋರ್ಡಿನಲ್ಲಿ ಸಾಮಾನ್ಯವಾಗಿ ಕೀ ಇಲ್ಲ. ಬ್ರ್ಯಾಂಡೆಡ್ ಲ್ಯಾಪ್‌ಟಾಪಿಗೆ ‘ವಿಂಡೋಸ್ ಹಾಕಲು’ ಕೀಯ ಹೆಸರಿನಲ್ಲಿ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ಕೂಲಿ ಕೊಡಿ, ಅದು ನ್ಯಾಯ.

ಆದರೆ ಬೋರ್ಡ್ ಹೋದರೆ ಈ ಲೈಸೆನ್ಸೂ ಅದರ ಜೊತೆ ಹೋಗುತ್ತದೆ. ಮೈಕ್ರೋಸಾಫ್ಟಿನ ನಿಯಮದಲ್ಲಿ ಒಂದು ವಿನಾಯಿತಿ ಇದೆ: ಬೋರ್ಡ್ ಕೆಟ್ಟಿದ್ದಕ್ಕಾಗಿ ಅದೇ ಕಂಪನಿಯ ಅದೇ ಮಾದರಿಯ ಅಥವಾ ಸಮಾನ ಬೋರ್ಡ್ ಹಾಕಿದ್ದರೆ ಹೊಸ ಲೈಸೆನ್ಸ್ ಬೇಕಿಲ್ಲ. ವೇಗ ಹೆಚ್ಚಲೆಂದು ಬೇರೆ ಬೋರ್ಡ್ ಹಾಕಿದರೆ ಅದು ಹೊಸ ಕಂಪ್ಯೂಟರ್ ಎಂದೇ ಲೆಕ್ಕ. ಅಧಿಕೃತ ಸರ್ವಿಸ್ ಸೆಂಟರಿಗೆ ಕೊಡುವಾಗ ‘ಹೊಸ ಬೋರ್ಡಿಗೆ ವಿಂಡೋಸ್ ಕೀ ಬರೆದು ಕೊಡುತ್ತೀರಾ?’ ಎಂದು ಕೇಳಿ, ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ಹೊರಗಿನ ಅಂಗಡಿಯಲ್ಲಿ ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಬೋರ್ಡ್ ಹಾಕಿದರೆ, ಅದರೊಳಗೆ ಅದರದ್ದೇ ಕೀ ಇರಬಹುದು, ಇಲ್ಲದೆಯೂ ಇರಬಹುದು. ವಿಂಡೋಸ್ ಇಲ್ಲದೆ, ಡಾಸ್ ಅಥವಾ ಲಿನಕ್ಸ್ ಸಮೇತ ಮಾರಿದ ಮಾದರಿಯ ಬೋರ್ಡಾದರೆ ಖಂಡಿತ ಇರುವುದಿಲ್ಲ. ದರ ಮಾತಾಡುವಾಗಲೇ ಇದನ್ನು ಕೇಳಬೇಕು, ಬಿಲ್ ಆದಮೇಲೆ ಅಲ್ಲ.

ಲೈಸೆನ್ಸಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದೊಡನೆ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿನ ಮಾಹಿತಿಗೆ ಬೀಗ) ತಾನಾಗಿ ಆನ್ ಆಗುವುದು ಸಾಮಾನ್ಯ. ಡಿಸ್ಕಿನ ಬೀಗದ ಕೀ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿರುತ್ತದೆ. ಬೋರ್ಡ್ ಬದಲಾದರೆ ಹಳೇ ಡಿಸ್ಕ್ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಅದು ಯಾವ ಅಕೌಂಟಿನಿಂದ ಮೊದಲು ಲಾಗಿನ್ ಆಗಿತ್ತೋ ಆ ಅಕೌಂಟಿನಲ್ಲಿ ಸಿಗುತ್ತದೆ. ಅಂಗಡಿಯವರು ಅವಸರಕ್ಕೆ ತಮ್ಮದೇ ಇಮೇಲ್ ಹಾಕಿ ಸೆಟಪ್ ಮುಗಿಸಿದ್ದರೆ ನಿಮ್ಮ ಡಿಸ್ಕಿನ ಬೀಗದ ಕೈ ಅವರ ಅಕೌಂಟಿನಲ್ಲಿದೆ ಎಂದರ್ಥ. ಮಳೆಗಾಲಕ್ಕೆ ಮುಂಚೆ ನಿಮ್ಮ ಅಕೌಂಟಿನಿಂದ ಆ ಕೀ ತೆಗೆದು ಕಾಗದದ ಮೇಲೆ ಮುದ್ರಿಸಿಡಿ. ಕಂಪ್ಯೂಟರಿನೊಳಗೇ ಉಳಿಸಿಡುವುದರಿಂದ ಉಪಯೋಗವಿಲ್ಲ.

ನಮ್ಮ ದೇಶದಲ್ಲಿ ಮಾರುವ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಬರುವುದು ‘ಹೋಂ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿಯೊಂದಿಗೆ. ಮೆನು, ಸಂದೇಶಗಳ ಭಾಷೆ ಬದಲಿಸಹೊರಟರೆ ನಿಮ್ಮ ಲೈಸೆನ್ಸಿಗೆ ಒಂದೇ ಡಿಸ್ಪ್ಲೇ ಭಾಷೆ ಎಂಬ ಸಂದೇಶ ಬರುವುದು ಇದರಿಂದಲೇ. ಕನ್ನಡದಲ್ಲಿ ಟೈಪ್ ಮಾಡಲು ಇದು ಅಡ್ಡಿಯಲ್ಲ. ಕೀಬೋರ್ಡ್ ಎಷ್ಟು ಭಾಷೆಯದ್ದಾದರೂ ಸೇರಿಸಬಹುದು.

ನಿಮಗೆ ಅಂಟಿದ್ದು: ರೀಟೇಲ್

ಬೆಲೆ ಜಾಸ್ತಿ, ಆದರೆ ಯಂತ್ರದಿಂದ ಯಂತ್ರಕ್ಕೆ ಒಯ್ಯಬಹುದು. ಒಂದು ಸಮಯಕ್ಕೆ ಒಂದೇ ಯಂತ್ರ. ಹಳೆಯದರಲ್ಲಿ ಅದೇ ರನ್ ಆಜ್ಞೆಯ ಸ್ಲ್ಯಾಶಿನ ನಂತರ ಯು, ಪಿ, ಕೆ ಹಾಕಿ, ಅಡ್ಮಿನ್ ಆಗಿ ಓಡಿಸಿದರೆ ಕೀ ಕಳಚಿಕೊಳ್ಳುತ್ತದೆ. ಆಮೇಲೆ ಹೊಸದರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಆಕ್ಟಿವೇಶನ್‌ಗೆ ಹೋಗಿ ಕೀ ಹಾಕಿ. ‘0ಎಕ್ಸ್‌ಸಿ004ಸಿ008’ ಎಂಬ ದೋಷ ಬಂದರೆ ಆ ಕೀ ಇನ್ನೊಂದು ಕಡೆ ಬಳಕೆಯಲ್ಲಿದೆ ಅಥವಾ ಮಿತಿ ಮೀರಿದೆ ಎಂದು. ಹೋಂ ಕೀ ಪ್ರೊ ಮೇಲೆ ಕೆಲಸ ಮಾಡುವುದಿಲ್ಲ, ಪ್ರೊ ಕೀಯನ್ನು ಹೋಂ ಮೇಲೆ ಹಾಕಿದರೆ ಯಂತ್ರವೇ ಪ್ರೊ ಆವೃತ್ತಿಗೆ ಏರುತ್ತದೆ.

ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್ ಇರುವ, ಸಿಡಿಲಿನ ಕಾಟ ಹೆಚ್ಚಿರುವ ಊರಿನವರಿಗೆ ಓಇಎಂ ಪ್ಯಾಕಿಗಿಂತ ರೀಟೇಲ್ ಲಾಭ. ಒಮ್ಮೆ ಬೋರ್ಡ್ ಹೋದರೂ ಬೆಲೆಯ ವ್ಯತ್ಯಾಸ ವಾಪಸ್ ಬಂದಂತೆ. ಕೊಂಡಕೂಡಲೇ ಮಾಡಬೇಕಾದ ಕೆಲಸ: ನಿಮ್ಮ ಸ್ವಂತ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ, ಆಕ್ಟಿವೇಶನ್ ಪುಟದಲ್ಲಿ ‘ಲಿಂಕ್ಡ್ ಟು ಯುವರ್ ಮೈಕ್ರೋಸಾಫ್ಟ್ ಅಕೌಂಟ್’ ಎಂಬ ಸಾಲು ಬಂದಿದೆಯೇ ನೋಡುವುದು. ಮುಂದೆ ಬೋರ್ಡ್ ಬದಲಾಗಿ ‘0ಎಕ್ಸ್‌ಸಿ004ಎಫ್211’ ದೋಷ ಕಂಡರೆ ಅದೇ ಪುಟದ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬ ಆಯ್ಕೆ ಹಿಡಿದು, ಪಟ್ಟಿಯಲ್ಲಿ ಹಳೇ ಯಂತ್ರದ ಹೆಸರು ಆರಿಸಿದರೆ ಸಾಕು. ಯಂತ್ರಕ್ಕೆ ಗುರುತು ಸಿಗುವ ಹೆಸರಿಟ್ಟಿದ್ದರೆ ಆಗ ಒಳ್ಳೆಯದು. ‘ಡೆಸ್ಕ್‌ಟಾಪ್’ ಎಂದು ಶುರುವಾಗುವ ನಾಲ್ಕು ಹೆಸರುಗಳಲ್ಲಿ ನಿಮ್ಮದು ಯಾವುದೆಂದು ಹೇಳುವುದು ಕಷ್ಟ.

ಸಂಸ್ಥೆಗೆ ಅಂಟಿದ್ದು: ವಾಲ್ಯೂಮ್

ಎಂಎಕೆ ಎಂದರೆ ನಿಗದಿತ ಸಂಖ್ಯೆಯ ಆಕ್ಟಿವೇಶನ್ ಮಾಡಬಲ್ಲ ಒಂದೇ ಕೀ. ಕೆಎಂಎಸ್ ಎಂದರೆ ಸಂಸ್ಥೆಯ ಒಳಗೇ ಒಂದು ಸರ್ವರ್ ಇದ್ದು ಉಳಿದ ಯಂತ್ರಗಳಿಗೆ ಆಕ್ಟಿವೇಶನ್ ಕೊಡುವುದು. ಕನಿಷ್ಠ 25 ಯಂತ್ರಗಳು ಅದನ್ನು ಸಂಪರ್ಕಿಸಿದರೆ ಮಾತ್ರ ಅದು ಕೆಲಸ ಶುರುಮಾಡುತ್ತದೆ, ಕೊಟ್ಟ ಆಕ್ಟಿವೇಶನ್ 180 ದಿನ ನಿಲ್ಲುತ್ತದೆ, ಯಂತ್ರಗಳು ಏಳು ದಿನಕ್ಕೊಮ್ಮೆ ನವೀಕರಿಸಲು ಯತ್ನಿಸುತ್ತವೆ. ಸಾಗರದ ಮನೆಯೊಂದರ ಲ್ಯಾಪ್‌ಟಾಪಿನಲ್ಲಿ ಕೆಎಂಎಸ್‌ಕ್ಲೈಂಟ್ ಇದೆ ಎಂದರೆ, ಉದ್ಯೋಗ ಕೊಟ್ಟ ಕಂಪನಿಯ ಯಂತ್ರ ಅದಲ್ಲದಿದ್ದರೆ, ಬಹುಮಟ್ಟಿಗೆ ಯಾರೋ ಕ್ರ್ಯಾಕ್ (ಹಣ ಕೊಡದೆ ಆಕ್ಟಿವೇಟ್ ಮಾಡುವ ಅಕ್ರಮ ಪ್ರೋಗ್ರಾಂ) ಹಾಕಿದ್ದಾರೆ. ಆ ಕ್ರ್ಯಾಕ್ ಯಂತ್ರದೊಳಗೇ ಸುಳ್ಳು ಸರ್ವರ್ ಕೂರಿಸುತ್ತದೆ ಅಥವಾ ಹೊರಗಿನ ಯಾವುದೋ ಸರ್ವರಿಗೆ ತಿರುಗಿಸುತ್ತದೆ. ಅದನ್ನು ಹಾಕುವಾಗ ಆಂಟಿವೈರಸ್ ಆಫ್ ಮಾಡಿ, ಒಂದು ಫೋಲ್ಡರನ್ನು ತಪಾಸಣೆಯಿಂದ ಹೊರಗಿಡುತ್ತಾರೆ. ಅದೇ ಯಂತ್ರದಲ್ಲಿ ನೆಟ್‌ಬ್ಯಾಂಕಿಂಗ್ ಮಾಡುವುದು ಬೇಡ. ‘0ಎಕ್ಸ್‌ಸಿ004ಎಫ್074’ ದೋಷ ಬಂದರೆ ಆ ಸರ್ವರ್ ಸಿಗುತ್ತಿಲ್ಲ ಎಂದು ಅರ್ಥ.

ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ‘ಲೈಫ್‌ಟೈಮ್’ ಎಂದು ಮಾರುವ ಕೀಗಳಲ್ಲಿ ಸಂಸ್ಥೆಗಳಿಂದ ಸೋರಿದ ಎಂಎಕೆ ಕೀಗಳೂ ಇರುತ್ತವೆ. ಆಕ್ಟಿವೇಟ್ ಆಗುತ್ತದೆ, ನಿಜ. ಆದರೆ ಹಕ್ಕು ಆ ಸಂಸ್ಥೆಯದ್ದು. ಕೀ ರದ್ದಾದ ದಿನ ನಿಮ್ಮದೂ ಮುಗಿಯಿತು. ಜೆರಾಕ್ಸ್ ಅಂಗಡಿ, ಅಡಿಕೆ ಮಂಡಿ, ಹೋಂಸ್ಟೇ ನಡೆಸುವವರು ಕೃತಿಸ್ವಾಮ್ಯ ಕಾಯ್ದೆ 1957ರ 63ಬಿ ಕಲಮನ್ನು ತಿಳಿದಿರಬೇಕು: ಗೊತ್ತಿದ್ದೂ ಅಕ್ರಮ ಪ್ರತಿಯ ತಂತ್ರಾಂಶ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭದ ಉದ್ದೇಶ ಇರಲಿಲ್ಲ ಎಂದು ಸಾಬೀತಾದರೆ ಜೈಲು ತಪ್ಪಬಹುದು, ದಂಡ 50,000ದವರೆಗೆ.

ಇನ್ನು ಸಹಕಾರಿ ಸೊಸೈಟಿಗಳು. ಒಂದು ಪ್ರೊ ಯಂತ್ರದಲ್ಲಿ ಟ್ಯಾಲಿ ಹಾಕಿ, ರಿಮೋಟ್ ಡೆಸ್ಕ್‌ಟಾಪಿನಲ್ಲಿ ಮೂರು ಜನ ಒಟ್ಟಿಗೆ ಕೂರುವಂತೆ ಯಾರಾದರೂ ‘ಜುಗಾಡ್’ ಮಾಡಿಕೊಟ್ಟಿದ್ದರೆ ಅದು ಲೈಸೆನ್ಸಿನ ಹೊರಗಿನದು. ಪ್ರೊನಲ್ಲಿ ಒಂದು ಸಮಯಕ್ಕೆ ಒಬ್ಬರೇ. ಹಲವರು ಬೇಕಾದರೆ ವಿಂಡೋಸ್ ಸರ್ವರ್, ಅದರ ಮೇಲೆ ಪ್ರತಿ ಬಳಕೆದಾರರಿಗೆ ಅಥವಾ ಪ್ರತಿ ಯಂತ್ರಕ್ಕೆ ಕ್ಲೈಂಟ್ ಆಕ್ಸೆಸ್ ಲೈಸೆನ್ಸ್, ರಿಮೋಟ್ ಡೆಸ್ಕ್‌ಟಾಪಿಗೆ ಮತ್ತೊಂದು ಲೈಸೆನ್ಸ್ ಬೇಕು. ಸರ್ವರಿನ ಕೊಟೇಶನ್ನಿನಲ್ಲಿ ಈ ಮೂರೂ ಬೇರೆ ಬೇರೆ ಸಾಲಾಗಿ ಇಲ್ಲದಿದ್ದರೆ ವಾಪಸ್ ಕಳಿಸಿ.

ಬೆಂಗಳೂರಿನಿಂದ ಬರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್

ಐಟಿ ಕಂಪನಿಗಳು ಕಳಚಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಕೊಟ್ಟ ದುಡ್ಡಿಗೆ ಮೋಸವಿಲ್ಲದ ವ್ಯಾಪಾರ. ಇವುಗಳ ಬೋರ್ಡಿನಲ್ಲಿ ಹೆಚ್ಚಾಗಿ ಅಸಲಿ ಪ್ರೊ ಕೀ ಇರುತ್ತದೆ. ವಿಚಿತ್ರ ಎಂದರೆ, ಮಾರುವವರು ಎಲ್ಲ ಯಂತ್ರಗಳಿಗೂ ಒಂದೇ ಇಮೇಜ್ (ವಿಂಡೋಸಿನ ಸಿದ್ಧ ನಕಲು) ಸುರಿಯುವುದರಿಂದ ಅಸಲಿಯ ಮೇಲೆ ಕ್ರ್ಯಾಕ್ ಕೂತಿರುತ್ತದೆ. ಎಲ್ಲ ಪಾರ್ಟಿಶನ್ ಅಳಿಸಿ, ಪೆನ್‌ಡ್ರೈವಿನಿಂದ ಹೊಸದಾಗಿ ಹಾಕಿ, ಇಂಟರ್ನೆಟ್ಟಿಗೆ ಸೇರಿಸಿದರೆ ಖರ್ಚಿಲ್ಲದೆ ಸರಿಹೋಗುತ್ತದೆ. ದುಡ್ಡು ಕೊಡುವ ಮೊದಲೇ ರೀಸೆಟ್ ಮಾಡಿಸಿ, ವೈಫೈಗೆ ಸೇರಿಸಿ ನೋಡಿ: ಯಾವುದೋ ಕಂಪನಿಯ ಹೆಸರು ಬಂದು ಅಲ್ಲಿಯ ಇಮೇಲ್ ಕೇಳಿದರೆ ಆ ಯಂತ್ರ ಇನ್ನೂ ಕಂಪನಿಯ ಆಟೋಪೈಲಟ್ (ತನ್ನ ಯಂತ್ರಗಳನ್ನು ದೂರದಿಂದ ನಿಯಂತ್ರಿಸುವ ವ್ಯವಸ್ಥೆ) ಪಟ್ಟಿಯಲ್ಲಿದೆ. ಅವರು ತೆಗೆಯುವವರೆಗೂ ಅದು ಹೋಗದು. ಬಯೋಸ್ ಪಾಸ್‌ವರ್ಡ್ ಇದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ವಿಂಡೋಸ್ 11ಕ್ಕೆ ಟಿಪಿಎಂ 2.0, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದಾದರೆ ಎಷ್ಟೇ ಅಸಲಿ ಲೈಸೆನ್ಸ್ ಇದ್ದರೂ 10ರಲ್ಲೇ ನಿಲ್ಲಬೇಕು. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಸೆಟ್ಟಿಂಗ್ಸನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಸಿಂಕ್ ಮಾಡಿದರೆ ಶುಲ್ಕವಿಲ್ಲ.

ಕೀ ಬೇಡದ ದಾರಿ

ವಿಂಡೋಸಿನ ಬದಲಿಗೆ ಬಳಸಬಹುದಾದದ್ದು ಲಿನಕ್ಸ್. ಅದರ ತಿರುಳಾದ ಕರ್ನಲ್ಲಿನ ಲೈಸೆನ್ಸ್ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಎರಡನೇ ಆವೃತ್ತಿ. ಬಳಸಲು, ಹಂಚಲು, ತಿದ್ದಲು ಅನುಮತಿ ಇದೆ. ತಿದ್ದಿ ಹಂಚುವವರು ಮೂಲ ಕೋಡನ್ನೂ ಕೊಡಬೇಕೆಂಬುದೇ ಷರತ್ತು. ಬರೀ ಬಳಸುವವರಿಗೆ ಬೋರ್ಡ್ ಸುಟ್ಟರೂ ಆಕ್ಟಿವೇಶನ್ನಿನ ತಲೆನೋವಿಲ್ಲ. ಉಬುಂಟು ಎಲ್‌ಟಿಎಸ್, ಲಿನಕ್ಸ್ ಮಿಂಟ್, ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ತಯಾರಿಸಿದ ಬಾಸ್, ಲಿನಕ್ಸಿನ ಈ ರೂಪಗಳೆಲ್ಲವೂ ಆಗುತ್ತವೆ. ಶಾಲೆ, ಗ್ರಂಥಾಲಯ, ಬರೀ ಬ್ರೌಸರಿನಲ್ಲಿ ಕೆಲಸ ಮಾಡುವ ಹೋಂಸ್ಟೇಗೆ ಇದೇ ಸರಿ. ಟ್ಯಾಲಿ ನಡೆಸುವ ಮಂಡಿಗೆ ಅಲ್ಲ. ಅದು ವಿಂಡೋಸ್ ಬೇಡುತ್ತದೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮೊದಲು ಅದರ ಡ್ರೈವರ್ ಲಿನಕ್ಸಿಗೆ ಸಿಗುತ್ತದೆಯೇ ನೋಡಿಕೊಳ್ಳಬೇಕು.

ನುಡಿ ಕೀಲಿಮಣೆಗೆ ಒಗ್ಗಿದ ಕೈಗಳಿಗೆ ಲಿನಕ್ಸಿನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಎಂ17ಎನ್ ಪ್ಯಾಕೇಜ್ ಹಾಕಿ ‘ಕೆಜಿಪಿ’ ವಿನ್ಯಾಸ ಆರಿಸಿದರೆ ಅದೇ ಜಾಗದಲ್ಲಿ ಅದೇ ಅಕ್ಷರ ಬರುತ್ತದೆ, ಯುನಿಕೋಡಿನಲ್ಲಿ. ಹಳೇ ನುಡಿ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟಿನ ಕಡತಗಳು ಮಾತ್ರ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ವಿಂಡೋಸ್ ಅಳಿಸುವ ಮೊದಲೇ ಅವನ್ನು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವೊತ್ತು ಇರುವ ಪುಟಗಳನ್ನು ಕಣ್ಣಿನಿಂದ ಓದಿ ನೋಡಿ. ಲಿನಕ್ಸನ್ನು ಮೊದಲು ಪೆನ್‌ಡ್ರೈವಿನಿಂದ ಲೈವ್ ಆಗಿ ಓಡಿಸಿ, ಪ್ರಿಂಟರಿನಿಂದ ಒಂದು ಕನ್ನಡ ಪುಟ ತೆಗೆದು, ವೈಫೈ ಹಿಡಿಯುತ್ತದೆಯೇ ಎಂದು ನೋಡಿದ ಮೇಲೆಯೇ ಡಿಸ್ಕಿಗೆ ಇಳಿಸಿ.