ಯಜಮಾನರ ಕೈಕೆಲಸವನ್ನು ಪುಸ್ತಕಕ್ಕೆ ಇಳಿಸಿದ್ದು

ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ನಾವು ಗಿಟಾರ್‌ಗೆ ವಾಲ್ವ್ ಆಂಪ್ಲಿಫೈಯರ್ ಮಾಡುತ್ತೇವೆ, ಅಂದರೆ ಹಳೆ ರೇಡಿಯೊದಲ್ಲಿರುವಂಥ ಗಾಜಿನ ವಾಲ್ವ್‌ಗಳಿಂದ ಗಿಟಾರ್‌ನ ಸದ್ದನ್ನು ದೊಡ್ಡದು ಮಾಡುವ ಆಂಪ್. ಒಂದೊಂದಾಗಿ, ಕೈಯಲ್ಲೇ. ಇದನ್ನು ಶುರು ಮಾಡಿದ್ದು ನಮ್ಮ ಯಜಮಾನರು. ವಾಲ್ವ್ ರೇಡಿಯೊ, ನಾಟಕ ಕಂಪನಿಗಳ ಮೈಕ್ ಸೆಟ್ ರಿಪೇರಿ ಮಾಡುತ್ತಾ ಈ ಕೆಲಸಕ್ಕೆ ಬಂದವರು. ಎಪ್ಪತ್ತು ದಾಟಿದ ಮೇಲೆ ಅವರ ಕಣ್ಣು ಮಂಜಾಯಿತು, ಸೋಲ್ಡರಿಂಗ್ ಐರನ್ ಹಿಡಿದ ಕೈ ನಡುಗತೊಡಗಿತು. "ತಮ್ಮಾ, ಇನ್ನು ನೀನೇ ನೋಡ್ಕೋ" ಅಂದರು. ಮಕ್ಕಳಿಬ್ಬರೂ ಬೇರೆ ಊರಲ್ಲಿ ಬೇರೆ ಕೆಲಸದಲ್ಲಿದ್ದಾರೆ.

ನೋಡಿಕೊಳ್ಳುವುದು ಅಂದರೆ ಏನನ್ನು? ಬೀಗದ ಕೈ ಕೊಡಬಹುದು, ಸಾಮಾನು ಕೊಡಬಹುದು, ಹೆಸರು ಕೊಡಬಹುದು. ಅವರ ಆಂಪ್ ಹಾಗೇಕೆ ಕೇಳಿಸುತ್ತದೆ ಅನ್ನುವುದು ಮಾತ್ರ ಎಲ್ಲೂ ಬರೆದಿರಲಿಲ್ಲ.

ದೊಡ್ಡವರ ಕಥೆ ನೋಡಿದರೂ ಇದೇ ಪ್ರಶ್ನೆ. ಅಮೆರಿಕದ ಲಿಯೋ ಫೆಂಡರ್ ತಮ್ಮ ಗಿಟಾರ್, ಆಂಪ್ ಕಂಪನಿಯನ್ನು 1965ರಲ್ಲಿ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ 1.3 ಕೋಟಿ ಡಾಲರ್‌ಗೆ ಮಾರಿದರು. ಹಳೆ ಫೆಂಡರ್ ಕೊಳ್ಳುವವರು ಇವತ್ತಿಗೂ "ಸಿಬಿಎಸ್‌ಗೆ ಮುಂಚಿನದ್ದಾ, ಆಮೇಲಿನದ್ದಾ?" ಎಂದು ಕೇಳುತ್ತಾರೆ. ರಾಂಡಲ್ ಸ್ಮಿತ್ 1969ರಲ್ಲಿ ಶುರು ಮಾಡಿದ ಆಂಪ್ ಕಂಪನಿ ಮೆಸಾ ಬೂಗಿ 2021ರಲ್ಲಿ ಗಿಟಾರ್ ಕಂಪನಿ ಗಿಬ್ಸನ್ ಕೈಗೆ ಹೋಯಿತು. ಇವೆಲ್ಲ ಕಾರ್ಖಾನೆ ಇದ್ದ ಕಂಪನಿಗಳು. ಡ್ರಾಯಿಂಗ್ ಇತ್ತು, ಕೆಲಸಗಾರರಿದ್ದರು. ಒಬ್ಬರೇ ಕೂತು ಮಾಡುವವರ ಪಾಡು ಬೇರೆ. ಟ್ರೈನ್‌ರೆಕ್ ಆಂಪ್ ಮಾಡುತ್ತಿದ್ದ ಕೆನ್ ಫಿಷರ್ 2006ರಲ್ಲಿ ತೀರಿಕೊಂಡರು. ಅವರಂತೆಯೇ ಒಬ್ಬರೇ ಆಂಪ್ ಮಾಡುತ್ತಿದ್ದ ಅಲೆಕ್ಸಾಂಡರ್ ಡಂಬಲ್ 2022ರಲ್ಲಿ ಹೋದರು. ಡಂಬಲ್ ಅಂತೂ ಹಲವು ಆಂಪ್‌ಗಳ ಒಳಗಿನ ಸರ್ಕ್ಯೂಟ್ ಮೇಲೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ಸುರಿದು ಮುಚ್ಚಿಬಿಡುತ್ತಿದ್ದರು, ಯಾರೂ ನಕಲು ಮಾಡಬಾರದು ಅಂತ. ಅವರ ಕೆಲಸದ ಮೇಲೆ ನನಗೆ ಅಪಾರ ಗೌರವ. ಆದರೆ ಆ ದಾರಿ ನನಗೆ ಒಪ್ಪಿಗೆಯಿಲ್ಲ. ಆಂಪ್ ಕೆಟ್ಟರೆ ಬಿಚ್ಚುವವನಿಗೂ ಅದು ಅರ್ಥವಾಗಬೇಕು ಅಲ್ವಾ?

ಯಜಮಾನರ ಕೆಲಸವನ್ನು ಬರೆದಿಡಲು ಹೊರಟಾಗ ನಾನು ಮೊದಲು ಹಿಡಿದದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅಂದರೆ ವಾಲ್ವ್‌ನಿಂದ ಸ್ಪೀಕರ್‌ಗೆ ಸದ್ದು ದಾಟಿಸುವ ಭಾಗ. ರೆಸಿಸ್ಟರ್, ಕೆಪಾಸಿಟರ್ ಕಣ್ಣಿಗೆ ಕಾಣುತ್ತವೆ. ಸರ್ಕ್ಯೂಟನ್ನು ಯಾವತ್ತಾದರೂ ನೋಡಿ ಬರೆದುಕೊಳ್ಳಬಹುದು. ಟ್ರಾನ್ಸ್‌ಫಾರ್ಮರ್ ಒಳಗೆ ಏನಿದೆ ಅಂತ ತಿಳಿಯಬೇಕಾದರೆ ಸುತ್ತು ಬಿಚ್ಚಿ ಹಾಳು ಮಾಡಬೇಕು. ನಮ್ಮೂರಲ್ಲಿ ವೈಂಡಿಂಗ್ ಅಂಗಡಿಗೆ ಬರವಿಲ್ಲ, ಬೋರ್‌ವೆಲ್ ಮೋಟಾರ್ ಸುಟ್ಟು ಬರುತ್ತಲೇ ಇರುತ್ತವೆ. ಆದರೆ ಅದು ಬೇರೆ ಕೆಲಸ. ಆಡಿಯೊ ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರೈಮರಿ (ವಾಲ್ವ್ ಕಡೆಯ ಸುತ್ತು), ಸೆಕೆಂಡರಿ (ಸ್ಪೀಕರ್ ಕಡೆಯ ಸುತ್ತು) ಎರಡನ್ನೂ ಭಾಗ ಮಾಡಿ, ಒಂದರ ಮೇಲೊಂದು ಪದರವಾಗಿ ಸುತ್ತಬೇಕು. ಯಾವುದರ ಮೇಲೆ ಯಾವುದು, ನಡುವೆ ಎಷ್ಟು ದಪ್ಪದ ಪೇಪರ್, ತಂತಿ ಎಷ್ಟು ಬಿಗಿ, ಇಷ್ಟರ ಮೇಲೆ ಹೈ ಫ್ರೀಕ್ವೆನ್ಸಿ, ಅಂದರೆ ಎತ್ತರದ ಸ್ವರ, ನಿಂತಿರುತ್ತದೆ.

ನಮ್ಮ ವೈಂಡಿಂಗ್ ಮಷಿನ್ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ದುಡಿದಿದ್ದ ಫಿಟರ್ ಒಬ್ಬರು ಮಾಡಿಕೊಟ್ಟದ್ದು. ಯಜಮಾನರು ಪಕ್ಕದಲ್ಲಿ ಕೂತರು, ಹಿಡಿಕೆ ನಾನು ತಿರುಗಿಸಿದೆ. ಅವರು "ಸಾಕು" ಅಂದಲ್ಲೆಲ್ಲ ನಿಲ್ಲಿಸಿ ಸುತ್ತಿನ ಲೆಕ್ಕ, ತಂತಿಯ ಗೇಜ್, ಪೇಪರ್ ಬರೆದುಕೊಂಡೆ. ಜೊತೆಗೆ ಮೊಬೈಲ್‌ನಲ್ಲಿ ಅವರ ಬೆರಳನ್ನು ವಿಡಿಯೊ ಮಾಡಿದೆ. ಬಿಗಿ ಎಷ್ಟು ಅನ್ನುವುದು ಬರವಣಿಗೆಗೆ ಸಿಕ್ಕುವುದಿಲ್ಲ.

ಆಮೇಲೆ ಅಳತೆ. ನಮ್ಮದು ಇಎಲ್84 ಅನ್ನುವ ಔಟ್‌ಪುಟ್ ವಾಲ್ವ್ ಎರಡು ಹಾಕುವ ಆಂಪ್. ಒಂದು ವಾಲ್ವ್‌ನ ಪ್ಲೇಟ್‌ನಿಂದ (ಔಟ್‌ಪುಟ್ ತುದಿ) ಇನ್ನೊಂದರ ಪ್ಲೇಟ್‌ಗೆ 8,000 ಓಮ್, ಸ್ಪೀಕರ್ 8 ಓಮ್. ಅಂದರೆ ಇಂಪೀಡೆನ್ಸ್ (ಎಸಿಗೆ ಒಡ್ಡುವ ತಡೆ) ಅನುಪಾತ 1,000. ಸುತ್ತುಗಳ ಅನುಪಾತ ಅದರ ವರ್ಗಮೂಲ, ಸುಮಾರು 31.6. ಸೆಕೆಂಡರಿಗೆ 1 ವೋಲ್ಟ್ ಎಸಿ ಕೊಟ್ಟರೆ ಪ್ರೈಮರಿಯಲ್ಲಿ 31.6 ವೋಲ್ಟ್ ಹತ್ತಿರ ಬರಬೇಕು. ಸೆಕೆಂಡರಿ ಶಾರ್ಟ್ ಮಾಡಿ, ಪ್ರೈಮರಿಗೆ ಎಲ್‌ಸಿಆರ್ ಮೀಟರ್ ಹಿಡಿದರೆ ಲೀಕೇಜ್ ಇಂಡಕ್ಟೆನ್ಸ್ ಸಿಗುತ್ತದೆ, ಅಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ದಾಟದೆ ಸೋರಿಹೋಗುವುದರ ಅಳತೆ. ಯಜಮಾನರು ಸುತ್ತಿದ ಹಳೆಯದು, ನಾನು ಸುತ್ತಿದ ಹೊಸದು, ಎರಡರ ಅಂಕಿಯನ್ನೂ ಅಕ್ಕಪಕ್ಕ ಬರೆದಿಟ್ಟೆ. ಈಗ ಯಾರು ಸುತ್ತಿದರೂ ಅದೇ ಪುಟಕ್ಕೆ ಹೋಲಿಸಿ ನೋಡಬಹುದು.

ಗೋಡೆಯ ಪ್ಲಗ್‌ನಿಂದ ಕರೆಂಟ್ ತಗೊಳ್ಳುವ ಮೇನ್ಸ್ ಟ್ರಾನ್ಸ್‌ಫಾರ್ಮರ್‌ನಲ್ಲೂ ಅವರದೊಂದು ಜಾಣತನವಿದೆ. ಪ್ರೈಮರಿಗೆ 210, 230, 250 ವೋಲ್ಟ್ ಅಂತ ಮೂರು ಟ್ಯಾಪ್ (ಬೇಕಾದ್ದಕ್ಕೆ ಜೋಡಿಸುವ ತುದಿಗಳು). ಹಳ್ಳಿ ಕಡೆ ರಾತ್ರಿ ಲೋಡ್ ಇಳಿದಾಗ ಕರೆಂಟ್ 250ಕ್ಕೆ ಏರುವುದುಂಟು. ಆಗ 230ರ ಟ್ಯಾಪ್‌ನಲ್ಲೇ ಇದ್ದರೆ, ವಾಲ್ವನ್ನು ಕಾಯಿಸುವ, 6.3 ವೋಲ್ಟ್ ಇರಬೇಕಾದ ಹೀಟರ್ 6.85ಕ್ಕೆ ಹೋಗುತ್ತದೆ, ವಾಲ್ವ್ ಬೇಗ ಸಾಯುತ್ತದೆ. ಇದನ್ನು ಯಾವ ವಿದೇಶಿ ಸರ್ಕ್ಯೂಟ್ ನೋಡಿಯೂ ಕಲಿತದ್ದಲ್ಲ. ಜಾತ್ರೆ ನಾಟಕಗಳಲ್ಲಿ ಸೆಟ್ ಸುಟ್ಟುಕೊಂಡು ಕಲಿತದ್ದು.

ಎಲ್ಲಕ್ಕಿಂತ ಕಷ್ಟವಾದದ್ದು ಅವರ ಕಿವಿಯನ್ನು ಬರೆದಿಡುವುದು. ಅವರು "ಗಂಟಲು ಕಟ್ಟಿದೆ" ಅನ್ನುತ್ತಾರೆ, "ಒಣಗಿದೆ" ಅನ್ನುತ್ತಾರೆ, ಸ್ಕ್ರೂ ಡ್ರೈವರ್ ತಗೊಂಡು ಏನೋ ಬದಲಿಸುತ್ತಾರೆ, ಸರಿಹೋಗುತ್ತದೆ. ನಾನು ಒಬ್ಬ ಹುಡುಗನನ್ನು ಕೂರಿಸಿ ಒಂದೇ ಗಿಟಾರ್, ಒಂದೇ ಸ್ಪೀಕರ್, ಒಂದೇ ತುಣುಕು ನುಡಿಸಲು ಹೇಳಿದೆ. ಪ್ರತಿ ಸಲ ಒಂದೇ ಒಂದು ಬಿಡಿಭಾಗ ಬದಲಿಸಿದೆ. ಯಾವುದು ಅಂತ ಯಜಮಾನರಿಗೆ ಹೇಳಲಿಲ್ಲ. ಅವರು ಅಂದದ್ದನ್ನು ಹಾಗೇ ಬರೆದೆ. ಮೊದಲ ಹಂತದ ಸಣ್ಣ ವಾಲ್ವ್ ಇಸಿಸಿ83ರ ಕ್ಯಾಥೋಡ್ ತುದಿಗೆ ಫೆಂಡರ್ ರೀತಿಯಲ್ಲಿ 1.5 ಕಿಲೋಓಮ್ ರೆಸಿಸ್ಟರ್, 25 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಏರಿಸಿದಾಗ "ಗಂಟಲು ಕಟ್ಟಿತು" ಅಂದರು. ಬ್ರಿಟನ್ನಿನ ಮಾರ್ಷಲ್ ಆಂಪ್‌ನಲ್ಲಿರುವ ಹಾಗೆ 2.7 ಕಿಲೋಓಮ್, 0.68 ಮೈಕ್ರೋಫ್ಯಾರಡ್ ಹಾಕಿದಾಗ "ಬಾಯಿ ಬಿಟ್ಟಿತು" ಅಂದರು. ಬಾಸ್ ಜಾಸ್ತಿ ಒಳಗೆ ಹೋಗಿ ಮುಂದಿನ ಹಂತ ತುಂಬಿಕೊಳ್ಳುವುದೇ ಅವರಿಗೆ ಗಂಟಲು ಕಟ್ಟುವುದು. ಇಂಥವು ಪುಟಗಟ್ಟಲೆ ಇವೆ. ಈ ಪುಟಗಳು ನನಗೆ ವರ್ಕ್‌ಶಾಪಿಗಿಂತ ಹೆಚ್ಚು.

ಒಂದು ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೂ ಜಗಳವಾಯಿತು. ಪ್ರತಿ ಆಂಪ್‌ನ ಪೆಟ್ಟಿಗೆಯೊಳಗೆ ಸರ್ಕ್ಯೂಟ್, ಪ್ರತಿ ಪಿನ್ನಿನ ವೋಲ್ಟೇಜ್ ಬರೆದ ಹಾಳೆ ಅಂಟಿಸೋಣ ಅಂದೆ.

"ಎಲ್ಲಾ ಬರ್ದು ಕೊಟ್ರೆ ನಮ್ಮ ಅನ್ನದ ಗತಿ ಏನು?" ಅಂದರು.

"ಯಜಮಾನ್ರೇ, ನಾಳೆ ನಾನೂ ಇಲ್ಲ ಅಂದ್ರೆ ಹುಬ್ಬಳ್ಳಿಯಲ್ಲಿರೋ ಆಂಪ್ ಯಾರು ರಿಪೇರಿ ಮಾಡ್ತಾರೆ?" ಅಂದೆ.

ಕೆಲವು ದಿನ ಆ ಮಾತು ಎತ್ತಲಿಲ್ಲ. ಆಮೇಲೆ ಅವರೇ ಬಂದು, ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಇನ್ನೊಂದು ಸಾಲು ಹಾಕು ಅಂದರು: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ 300 ವೋಲ್ಟ್ ದಾಟಿ ಉಳಿದಿರುತ್ತದೆ, ಮೊದಲು ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ನೋಡಿ, ನಂತರವೇ ಕೈ ಹಾಕಿ.

ದುಡ್ಡಿನ ಮಾತು ಬೇಗ ಮುಗಿಯಿತು. ಸಾಮಾನಿಗೆ ಒಂದು ಬೆಲೆ, ಹೆಸರಿಗೆ ಮಾರಾಟವಾದ ಪ್ರತಿ ಆಂಪ್‌ನಿಂದ ಒಂದು ಪಾಲು. ಹಳೆ ಗಿರಾಕಿಗಳ ರಿಜಿಸ್ಟರ್ ಸುಮ್ನೆ ಕೊಟ್ಟರು, ಆದರೆ ಅವರು ಮಾಡಿದ ಯಾವ ಆಂಪ್ ಬಂದರೂ ವಾಪಸ್ ಕಳಿಸಬಾರದು ಅಂತ ಕರಾರು. ಅದನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದ್ದೇವೆ.

ಈಗ ಪಾಲಿಟೆಕ್ನಿಕ್ ಮುಗಿಸಿದ ಒಬ್ಬ ಹುಡುಗಿ ನಮ್ಮಲ್ಲಿ ವೈಂಡಿಂಗ್ ಕಲಿಯುತ್ತಿದ್ದಾಳೆ. ನಾನು ಪಕ್ಕದಲ್ಲಿ ಕೂರಲಿಲ್ಲ, ಪುಸ್ತಕವನ್ನೂ ವಿಡಿಯೊವನ್ನೂ ಕೊಟ್ಟೆ. ಅವಳ ಟ್ರಾನ್ಸ್‌ಫಾರ್ಮರ್‌ನ ಸುತ್ತಿನ ಅನುಪಾತ ಯಜಮಾನರದಕ್ಕೆ ಸರಿಹೊಂದಿತು, ಲೀಕೇಜ್ ಸ್ವಲ್ಪ ಜಾಸ್ತಿ ಬಂತು. ಮೂರನೇ ಪದರದ ಪೇಪರ್ ಬಗ್ಗೆ ನನ್ನ ಬರಹ ಸ್ಪಷ್ಟವಾಗಿಲ್ಲ ಅಂತ ಅವಳೇ ಗುರುತು ಹಾಕಿ ತಂದಳು. ಆ ಪುಟವನ್ನು ಈ ವಾರ ಯಜಮಾನರ ಮನೆಗೆ ಒಯ್ದು, ಅವರಿಂದ ಕೇಳಿ ಮತ್ತೆ ಬರೆಯಬೇಕು.