ಅರಬ್ಬಿ ಮಾತಾಡುವವರು ಇಂಗ್ಲಿಷಿನ ಜೋಡಿಪದ ಕಲಿಯುವುದು ಹೇಗೆ?

ಈಜಿಪ್ಟಿನ ಆಡುಮಾತಿನಲ್ಲಿ ಕಡಕ್ ಚಹಾ ಎಂದರೆ ‘ಭಾರವಾದ’ ಚಹಾ. ಹಾಗಾಗಿ ಕೈರೋದ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ‘ಹೆವಿ ಟೀ’ ಎಂದುಬಿಡಬಹುದು. ಇಂಗ್ಲಿಷಿನವರಿಗೆ ಅದು ‘ಸ್ಟ್ರಾಂಗ್ ಟೀ’. ಜೋರು ಮಳೆ ಮಾತ್ರ ‘ಹೆವಿ ರೇನ್’. ವ್ಯಾಕರಣ ಎಷ್ಟು ಓದಿದರೂ ಇದು ತಿಳಿಯುವುದಿಲ್ಲ. ಪದಗಳನ್ನು ಜೋಡಿಯಾಗಿಯೇ ಕಲಿಯಬೇಕು. ಇಂಥ ಜೋಡಿಗಳಿಗೆ ಕೊಲೊಕೇಶನ್ ಎಂದು ಹೆಸರು.

ಮೊದಲು ಮಾಡಬೇಕಾದದ್ದು, ನಾಮಪದವನ್ನು ಹಿಡಿಯುವುದು. ‘ಡಿಸಿಶನ್’, ‘ಪ್ರಾಮಿಸ್’, ‘ಹೋಮ್‌ವರ್ಕ್’ ಕಂಡಾಗ ಅದರ ಜೊತೆಗಿರುವ ಕ್ರಿಯಾಪದಕ್ಕೂ ಗೆರೆ ಎಳೆಯಬೇಕು. ಹೇಳಬೇಕಾದ ವಿಷಯ ಮನಸ್ಸಿಗೆ ಬರುವಾಗ ಸಾಮಾನ್ಯವಾಗಿ ನಾಮಪದವೇ ಮೊದಲು ಬರುತ್ತದೆ, ಅಲ್ವಾ? ತಡವರಿಸುವುದು ಕ್ರಿಯಾಪದದ ಹತ್ತಿರ.

ಎರಡನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಸಿಕ್ಕ ಜೋಡಿಯನ್ನು ಅರಬ್ಬಿಯ ಪಕ್ಕ ಇಟ್ಟು ನೋಡಬೇಕು. ಎರಡೂ ಭಾಷೆಯಲ್ಲಿ ಒಂದೇ ಥರ ಇದ್ದರೆ ಬಿಟ್ಟು ಮುಂದೆ ಹೋಗಬಹುದು. ದಾರಿ ಬೇರೆಯಾದಲ್ಲಿ ನಿಲ್ಲಬೇಕು. ‘ಇರ್ತಕಬ’ ಎಂಬ ಕ್ರಿಯಾಪದ ಅರಬ್ಬಿಯಲ್ಲಿ ಅಪರಾಧಕ್ಕೂ ಬರುತ್ತದೆ, ತಪ್ಪಿಗೂ ಬರುತ್ತದೆ. ಇಂಗ್ಲಿಷಿನಲ್ಲಿ ಅಪರಾಧಕ್ಕೆ ‘ಕಮಿಟ್’, ತಪ್ಪಿಗೆ ಸಾಮಾನ್ಯವಾಗಿ ‘ಮೇಕ್’. ಅರಬ್ಬಿಯಲ್ಲಿ ಮಾತು ಕೊಡುವುದೆಂದರೆ ವಾಗ್ದಾನವನ್ನು ‘ಕತ್ತರಿಸುವುದು’, ಸಭೆ ನಡೆಸುವುದೆಂದರೆ ಸಭೆಯನ್ನು ‘ಕಟ್ಟುವುದು’. ಇಂಗ್ಲಿಷಿನಲ್ಲಿ ಇವು ‘ಮೇಕ್ ಎ ಪ್ರಾಮಿಸ್’, ‘ಹೋಲ್ಡ್ ಎ ಮೀಟಿಂಗ್’. ಆಡುಮಾತು ಇನ್ನಷ್ಟು ಎಡವಿಸುತ್ತದೆ. ಈಜಿಪ್ಟಿನವರು ಸಿಗರೇಟನ್ನು ‘ಕುಡಿಯುತ್ತಾರೆ’, ಟೀವಿಯನ್ನು ‘ತೆರೆಯುತ್ತಾರೆ’. ‘ಡೂ’, ‘ಮೇಕ್’ ಎರಡಕ್ಕೂ ‘ಅಮಲ್’ ಒಂದೇ ಸಾಕು. ‘ಮೇಕ್ ಹೋಮ್‌ವರ್ಕ್’ ಎಂಬ ತಪ್ಪಿನ ಬೇರು ಅಲ್ಲಿದೆ. ವಿದ್ಯಾರ್ಥಿ ಪೆದ್ದನಲ್ಲ. ತನ್ನ ಭಾಷೆಯನ್ನು ಚೆನ್ನಾಗಿ ಬಲ್ಲವನು, ಅಷ್ಟೇ. ಶಿಕ್ಷಕರು ಸುಮ್ನೆ ಕೆಂಪು ಗೀಟು ಹಾಕುವ ಬದಲು ಈ ವ್ಯತ್ಯಾಸವನ್ನು ತೋರಿಸಿಕೊಡಬೇಕು.

ಆಮೇಲೆ ಬರೆದಿಟ್ಟುಕೊಳ್ಳುವುದು. ಒಂಟಿ ಪದ, ಅದರ ಮುಂದೆ ಅರಬ್ಬಿ ಅರ್ಥ ಬೇಡ. ತನ್ನ ಬದುಕಿನದ್ದೇ ಒಂದು ಪೂರ್ತಿ ವಾಕ್ಯ ಬರೆಯಲಿ.

ಅನುಮಾನ ಬಂದರೆ ಕೊಲೊಕೇಶನ್ ಡಿಕ್ಷನರಿ ತೆರೆಯಬೇಕು. ‘ರೇನ್’ ಹುಡುಕಿದರೆ ಅದರ ಜೊತೆ ಬರುವ ವಿಶೇಷಣಗಳೂ ಕ್ರಿಯಾಪದಗಳೂ ಅಲ್ಲೇ ಇರುತ್ತವೆ. ಇನ್ನೊಂದು ದಾರಿ, ಆನ್‌ಲೈನ್‌ನಲ್ಲಿರುವ ಕೋಕಾ ಎಂಬ ಅಮೆರಿಕನ್ ಇಂಗ್ಲಿಷಿನ ಪಠ್ಯಭಂಡಾರ. ಅದರಲ್ಲಿ 100 ಕೋಟಿಗೂ ಜಾಸ್ತಿ ಪದಗಳಿವೆ. ‘ಸ್ಟ್ರಾಂಗ್ ರೇನ್’, ‘ಹೆವಿ ರೇನ್’ ಎರಡನ್ನೂ ಹುಡುಕಿ, ಯಾವುದು ಎಷ್ಟು ಸಲ ಬಂದಿದೆ ಎಂದು ಕಣ್ಣಾರೆ ನೋಡಬಹುದು.

ಕೊನೆಗೆ ಹಳೆಯದೊಂದು ಅಭ್ಯಾಸ. ಇಂಗ್ಲಿಷಿನ ಸಣ್ಣ ಪ್ಯಾರಾ ಒಂದನ್ನು ಅರಬ್ಬಿಗೆ ಅನುವಾದಿಸಿ, ಮೂಲವನ್ನು ಮುಚ್ಚಿಡುವುದು. ಎರಡು ದಿನ ಬಿಟ್ಟು, ಅರಬ್ಬಿಯನ್ನು ಮಾತ್ರ ನೋಡಿಕೊಂಡು ಮತ್ತೆ ಇಂಗ್ಲಿಷಿಗೆ ತರುವುದು. ಮೂಲದ ಜೊತೆ ಹೋಲಿಸಿದಾಗ ಎಲ್ಲೆಲ್ಲಿ ಅರಬ್ಬಿಯ ಜೋಡಿ ನುಸುಳಿದೆಯೋ, ಮುಂದಿನ ವಾರ ಕಲಿಯಬೇಕಾದ ಪಟ್ಟಿ ಅದೇ.