ಹಳೆಯ ಎಂಜಿಬಿ ರೋಡ್‌ಸ್ಟರ್: ಸಿಲ್ ತುಕ್ಕು ಪತ್ತೆ ಹಚ್ಚುವುದು, ಬಾಡಿ ಬಾಗದಂತೆ ರಿಪೇರಿ ಮಾಡುವುದು

ಎಂಜಿಬಿ ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು. ಅದಕ್ಕೆ ಬೇರೆ ಛಾಸಿ (ಬಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು) ಇಲ್ಲ. ಅದರ ಹಿಂದಿನ ಮಾದರಿ ಎಂಜಿಎಗೆ ಇತ್ತು. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎಂಜಿಬಿಯಲ್ಲಿ ಬಾಡಿಯೇ ಛಾಸಿ. ರೋಡ್‌ಸ್ಟರ್‌ಗೆ ತಗಡಿನ ಟಾಪ್ ಇಲ್ಲದ್ದರಿಂದ ಮುಂಭಾಗ ಹಿಂಭಾಗ ಎರಡನ್ನೂ ಹಿಡಿದಿಡುವ ಭಾರವೆಲ್ಲ ಬಾಗಿಲಿನ ಕೆಳಗಿನ ಎರಡು ಸಿಲ್‌ಗಳ ಮೇಲೆ, ಸ್ವಲ್ಪ ಮಟ್ಟಿಗೆ ನಡುವಿನ ಟನಲ್ (ಸೀಟುಗಳ ನಡುವೆ ಉಬ್ಬಿದ ಫ್ಲೋರ್) ಮೇಲೆ ಬೀಳುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಎರಚುವ ಉಪ್ಪು ಮೊದಲು ತಿನ್ನುವುದೂ ಇದನ್ನೇ. ಸಿಲ್ ಟೊಳ್ಳಾದರೆ ಕಾರಿನ ನಡು ಕುಸಿಯುತ್ತದೆ.

ಸಿಲ್ ಅಂದರೆ ಹೊರಗೆ ಕಾಣುವ ಒಂದೇ ತಗಡಲ್ಲ. ಹೊರ ಸಿಲ್, ಒಳ ಸಿಲ್, ಇವೆರಡರ ನಡುವೆ ನೆಟ್ಟಗೆ ನಿಂತ ಮೆಂಬ್ರೇನ್ ಎಂಬ ತಗಡು, ಕೆಳಗೆ ಕ್ಯಾಸಲ್ ರೈಲ್ ಎಂಬ ಉದ್ದನೆಯ ಪೆಟ್ಟಿಗೆ, ಈ ನಾಲ್ಕೂ ಸೇರಿದರೆ ಸಿಲ್. ಇದರ ತುದಿಗಳು ಮುಂದೆ ಮಡ್‌ಗಾರ್ಡ್ ಒಳಗೆ, ಹಿಂದೆ ಹಿಂಬದಿ ಮಡ್‌ಗಾರ್ಡಿನ ಕೆಳಮೂಲೆಯ ಒಳಗೆ ಅಡಗಿರುತ್ತವೆ. ಮೋಸ ನಡೆಯುವುದು ಹೆಚ್ಚಾಗಿ ಆ ಕಾಣದ ತುದಿಗಳಲ್ಲೇ.

ಬಾಗಿಲ ಸಂದು ಓದುವುದು

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಬಾಗಿಲು ಹಾಕಿ. ಬಾಗಿಲಿನ ಹಿಂದಿನ ಸಂದು ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಅಗಲ ಇರಬೇಕು. 4–5 ಮಿ.ಮೀ. ಇದ್ದರೆ ಒಳ್ಳೆಯದು. ನಡು ಕುಸಿದ ಕಾರಿನಲ್ಲಿ ಮೇಲೆ ಸಂದು ಮುಚ್ಚಿಕೊಂಡು ಕೆಳಗೆ ಅಗಲವಾಗಿರುತ್ತದೆ. ಮೇಲಿನ ಮೂಲೆಯಲ್ಲಿ ಪೇಂಟ್ ಉಜ್ಜಿಹೋಗಿದ್ದರೆ ಅದೂ ಸಾಕ್ಷಿ.

ಕೀಲು ಸವೆದಿದ್ದರೂ ಬಾಗಿಲು ತಗ್ಗುತ್ತದೆ, ಅದನ್ನು ಸಿಲ್ ದೋಷ ಎಂದುಕೊಳ್ಳಬೇಡಿ. ಬಾಗಿಲು ತೆರೆದು ಅದರ ತುದಿಯನ್ನು ಹಿಡಿದು ಎತ್ತಿ. ಅಲುಗಾಡಿದರೆ ಕೀಲಿನ ಕೆಲಸ. ಅಲುಗದೆ ಸಂದು ಮಾತ್ರ ಸೊಟ್ಟಗಿದ್ದರೆ ಬಾಡಿಯ ಕೆಲಸ.

ಮುಂದಿನದು ಜಾಕ್ ಪರೀಕ್ಷೆ. ಪಕ್ಕದ ಜಾಕ್ ಪಾಯಿಂಟ್ ಸಿಲ್‌ನ ಮಧ್ಯಭಾಗದಲ್ಲಿದೆ. ಮೊದಲು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ಅಲ್ಲಿ ತಗಡು ಗಟ್ಟಿಯಿದೆಯೇ ನೋಡಿ, ಆಮೇಲೆ ನಿಧಾನವಾಗಿ ಎತ್ತಿ. ಗಟ್ಟಿ ಕಾರಿನಲ್ಲಿ ಎರಡು ಚಕ್ರ ನೆಲ ಬಿಟ್ಟರೂ ಬಾಗಿಲು ಮೊದಲಿನಂತೆಯೇ ತೆಗೆದು ಹಾಕಲು ಬರುತ್ತದೆ. ಮೇಲಿನ ಸಂದು ಕಣ್ಣಿಗೆ ಕಾಣುವಷ್ಟು ತೆರೆದುಕೊಂಡರೆ, ಅಥವಾ ಚರಚರ ಸದ್ದು ಬಂದರೆ, ಅಲ್ಲಿಗೇ ನಿಲ್ಲಿಸಿ. ಜಾಕ್ ಮೇಲಿರುವಾಗ ಕಾರಿನ ಕೆಳಗೆ ನುಗ್ಗಬೇಡಿ.

ಎಲ್ಲಿ ಚುಚ್ಚಿ ನೋಡಬೇಕು

ಮುಂದಿನ ಚಕ್ರ ಬಿಚ್ಚಿ. ಮಡ್‌ಗಾರ್ಡ್ ಒಳಗೆ ಹಿಂಬದಿಯಲ್ಲಿ ಒಂದು ಅಡ್ಡ ತಗಡು, ಅದರ ಅಂಚಿಗೆ ರಬ್ಬರ್ ಸೀಲ್ ಇದೆ. ರಬ್ಬರ್ ಒಣಗಿ ಬಿರುಕುಬಿಟ್ಟರೆ ಚಕ್ರ ಎರಚಿದ ಕೆಸರು ಆ ತಗಡಿನ ಹಿಂದೆ ಗೂಡು ಕಟ್ಟುತ್ತದೆ. ವರ್ಷಗಟ್ಟಲೆ ಒದ್ದೆಯಾಗಿಯೇ ಕೂತ ಆ ಮಣ್ಣು ಮಡ್‌ಗಾರ್ಡಿನ ಕೆಳಭಾಗವನ್ನು, ಬಾಗಿಲ ಕಂಬದ ಬುಡವನ್ನು, ಸಿಲ್‌ನ ಮುಂತುದಿಯನ್ನು ಒಟ್ಟಿಗೇ ತಿನ್ನುತ್ತದೆ. ಕೆಳಗಿನಿಂದ ಕೈ ಹಾಕಿದರೆ ಹಿಡಿಗಟ್ಟಲೆ ಮಣ್ಣು ಬರುವ ಕಾರಿಗೆ ಸಿಲ್ ಬದಲಾವಣೆಯ ಖರ್ಚನ್ನು ಸೇರಿಸಿಯೇ ಬೆಲೆ ಮಾತಾಡಿ.

ಹೊರ ಸಿಲ್ ಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತ ಓಡಿಸಿ. ಅಂಟದ ಕಡೆ ಪುಟ್ಟಿ ಇದೆ. ಮಡ್‌ಗಾರ್ಡಿನ ಬುಡ ಸಿಲ್‌ಗೆ ಸೇರುವಲ್ಲಿ ಜೋಡಣೆಯ ಗೆರೆ ಕಾಣಬೇಕು. ಅಲ್ಲಿ ನುಣುಪಾಗಿದ್ದರೆ ಯಾರೋ ಹಳೆಯದರ ಮೇಲೆಯೇ ಹೊಸ ತಗಡು ಹೊದಿಸಿದ್ದಾರೆ. ಫಳಫಳ ಹೊಳೆಯುವ ಸ್ಟೀಲ್ ಕವರ್ ಹಾಕಿದ್ದರೆ ಇನ್ನೂ ಅನುಮಾನ ಪಡಿ.

ಕಾರ್ಪೆಟ್ ಎತ್ತಿ ಫ್ಲೋರ್ ಒಳ ಸಿಲ್‌ಗೆ ಸೇರುವ ಮೂಲೆ ನೋಡಿ. ಸೀಟಿನ ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಡಬ್ಬಿಗಳು. ಹಳೆಯ ಕಾರುಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳಿದ್ದವು, ಚೆಲ್ಲಿದ ಆಸಿಡ್ ಒಳಗಿನಿಂದ, ಹಿಂಚಕ್ರದ ಕೆಸರು ಹೊರಗಿನಿಂದ ತಿಂದಿರುತ್ತವೆ. ಡಬ್ಬಿ ಮಾತ್ರ ಹೋಗಿದ್ದರೆ ಚಿಂತೆಯಿಲ್ಲ. ಹಿಂದಿನ ಕಮಾನ್ ಪಟ್ಟಿಯ (ಲೀಫ್ ಸ್ಪ್ರಿಂಗ್) ಮುಂಭಾಗದ ಬ್ರಾಕೆಟ್ ಕೂತ ಜಾಗ ಮೆತ್ತಗಾಗಿದ್ದರೆ ಮಾತ್ರ ಕಾರು ಓಡಿಸಬೇಡಿ, ಹಿಂದಿನ ಆಕ್ಸಲ್ ನಿಂತಿರುವುದೇ ಅದರ ಮೇಲೆ.

ಅಪಘಾತವಾದ ಕಾರಿನಲ್ಲಿ ಮುಂದಿನ ಛಾಸಿ ಲೆಗ್‌ಗಳ (ಎಂಜಿನ್ನಿನ ಎರಡೂ ಬದಿಗೆ ಬಾಡಿಗೇ ಸೇರಿದ ಉದ್ದನೆಯ ತೊಲೆಗಳು) ತಗಡಿನಲ್ಲಿ ಮಡಿಕೆ ಹುಡುಕಿ. ಆಮೇಲೆ ಎರಡೂ ಬದಿಯಲ್ಲಿ ಒಂದೇ ಥರದ ನಾಲ್ಕು ಬೋಲ್ಟ್ ಆರಿಸಿ ಅಲ್ಲಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಚಾಕ್‌ಪೀಸ್ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸ 5 ಮಿ.ಮೀ. ದಾಟಿದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ, ಜಿಗ್ (ಬಾಡಿಯನ್ನು ಅಳತೆಗೆ ಸರಿಯಾಗಿ ಹಿಡಿದಿಡುವ ಚೌಕಟ್ಟು) ಇರುವ ವರ್ಕ್‌ಶಾಪಿಗೆ ಒಯ್ಯಬೇಕು.

ಸಿಲ್ ಬದಲಿಸುವಾಗ

ಎರಡೂ ಬದಿ ಒಟ್ಟಿಗೆ ಕತ್ತರಿಸಬೇಡಿ. ಒಂದು ಬದಿ ಪೂರ್ತಿ ವೆಲ್ಡ್ ಆಗಿ ತಣ್ಣಗಾದ ಮೇಲೆಯೇ ಇನ್ನೊಂದು.

1. ಬ್ಯಾಟರಿ ತೆಗೆಯಿರಿ, ಆಲ್ಟರ್ನೇಟರ್ ವೈರ್ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಕಾರ್ಪೆಟ್, ಸೀಟು ಹೊರಗೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿರಲಿ.

2. ಸ್ಟ್ಯಾಂಡ್‌ಗಳನ್ನು ಹಿಂದಿನ ಆಕ್ಸಲ್‌ಗೂ ಮುಂದಿನ ಕ್ರಾಸ್ ಮೆಂಬರ್‌ಗೂ (ಮುಂದಿನ ಸಸ್ಪೆನ್ಷನ್ ಹೊರುವ ಅಡ್ಡ ತೊಲೆ) ಕೊಡಿ. ಚಕ್ರದ ಮೇಲೆ ನಿಂತಾಗ ಭಾರ ಬೀಳುವ ಹಾಗೆಯೇ ಈಗಲೂ ಬೀಳಬೇಕು. ಫ್ಲೋರ್‌ಗೆ ಸ್ಟ್ಯಾಂಡ್ ಕೊಟ್ಟರೆ ಬಾಗಿದ ಆಕಾರದಲ್ಲೇ ವೆಲ್ಡ್ ಆಗಿ ಕೂರುತ್ತದೆ.

3. ಬಾಗಿಲು ಬಿಚ್ಚಬೇಡಿ, ಅದೇ ನಿಮ್ಮ ಅಳತೆಗೋಲು. ಈಗಾಗಲೇ ಕುಸಿದಿದ್ದರೆ ನಡುವೆ ಮರದ ತುಂಡಿಟ್ಟು ಜಾಕ್‌ನಿಂದ ಒಂದೊಂದೇ ಮಿ.ಮೀ. ಎತ್ತಿ ಸಂದು ಸಮ ಮಾಡಿ. ಆಮೇಲೆ ಮುಂದಿನ ಬಾಗಿಲ ಕಂಬದಿಂದ ಹಿಂದಿನದಕ್ಕೆ ಒಳಗಡೆಯಿಂದ 25 ಮಿ.ಮೀ. ಚೌಕ ಪೈಪ್ ವೆಲ್ಡ್ ಮಾಡಿ. ಬಾಗಿಲು ಹಾಕಿ ತೆಗೆಯಲು ಅಡ್ಡ ಬರಬಾರದು. ಎರಡೂ ಕಂಬಕ್ಕೆ ಪಂಚ್ ಗುರುತು ಹೊಡೆದು ದೂರ ಬರೆದಿಟ್ಟುಕೊಳ್ಳಿ.

4. ಮುಂದಿನ ಮಡ್‌ಗಾರ್ಡ್ ಬೋಲ್ಟ್ ಮೇಲಿದೆ, ಬಿಚ್ಚಿ. ಹಿಂದಿನದು ವೆಲ್ಡ್ ಆಗಿದೆ, ಅದರ ಕೆಳಮೂಲೆ ಕತ್ತರಿಸದೆ ಸಿಲ್‌ನ ಹಿಂತುದಿ ಸಿಗುವುದಿಲ್ಲ. ಬಾಗಿಲ ಕೆಳಗಿನಷ್ಟೇ ಸಿಲ್ ಹಾಕಿದರೆ ಕೊಳೆತ ತುದಿಗೆ ಹೊಸ ತಗಡು ನೇತುಹಾಕಿದಂತೆ.

5. ಸ್ಪಾಟ್ ವೆಲ್ಡ್‌ಗಳನ್ನು ಡ್ರಿಲ್ ಮಾಡಿ ಹೊರ ಸಿಲ್ ತೆಗೆಯಿರಿ. ಒಳಗೆ ಹೋದದ್ದೆಲ್ಲ ಬದಲಿಸಿ: ಮೊದಲು ಕ್ಯಾಸಲ್ ರೈಲ್, ಫ್ಲೋರಿನ ಅಂಚು, ಒಳ ಸಿಲ್, ಆಮೇಲೆ ಮೆಂಬ್ರೇನ್, ಕೊನೆಗೆ ಹೊರ ಸಿಲ್. ಜೋಡಣೆಯ ಎರಡೂ ಮುಖಕ್ಕೆ ವೆಲ್ಡ್ ಮಾಡಲು ಬರುವ ಜಿಂಕ್ ಪ್ರೈಮರ್ ಹಚ್ಚಿ.

6. ಅಂಚಿನಲ್ಲಿ 25–30 ಮಿ.ಮೀ.ಗೆ ಒಂದರಂತೆ 6 ಮಿ.ಮೀ. ತೂತು ಹಾಕಿ ಕ್ಲ್ಯಾಂಪ್ ಮಾಡಿ, ಬಾಗಿಲು ಹಾಕಿ ನೋಡಿ, ನಾಲ್ಕೈದು ಕಡೆ ಟ್ಯಾಕ್ (ತಾತ್ಕಾಲಿಕವಾಗಿ ಹಿಡಿಯುವ ಸಣ್ಣ ವೆಲ್ಡ್) ಕೊಡಿ, ಮತ್ತೆ ನೋಡಿ. ಸಂದು ಸರಿಯಿದ್ದರೆ 0.6 ಮಿ.ಮೀ. ವೈರಿನ ಮಿಗ್ ವೆಲ್ಡಿಂಗ್ ಯಂತ್ರದಲ್ಲಿ ತೂತು ತುಂಬುತ್ತಾ ಬನ್ನಿ. ಸಾಲಾಗಿ ಬೇಡ, ಮುಂದೊಂದು ಹಿಂದೊಂದು ನಡುವೊಂದು. ಒಂದೇ ಕಡೆ ಕಾದ ತಗಡು ತಣಿಯುವಾಗ ಕುಗ್ಗಿ ಇಡೀ ಸಿಲ್ ಎಳೆದುಕೊಳ್ಳುತ್ತದೆ.

7. ಕೈಯಿಟ್ಟರೆ ಬಿಸಿ ತಾಕದಷ್ಟು ತಣಿದ ಮೇಲೆ ಪೈಪ್ ಕತ್ತರಿಸಿ, ಪಂಚ್ ಗುರುತುಗಳ ದೂರ ಮತ್ತೆ ಅಳೆಯಿರಿ. 1–2 ಮಿ.ಮೀ. ವ್ಯತ್ಯಾಸವನ್ನು ಕೀಲಿನ ಬೋಲ್ಟ್ ಸಡಿಲಿಸಿ ಸರಿಪಡಿಸಬಹುದು.

ಪೇಂಟ್ ಆದ ಮೇಲೆ ಉದ್ದ ನಳಿಕೆಯಿಂದ ಸಿಲ್ ಒಳಗೆ ಮೇಣದ ಸ್ಪ್ರೇ ಹೊಡೆಯಿರಿ, ಕೆಳಗಿನ ತೂತುಗಳಿಂದ ಅದು ತೊಟ್ಟಿಕ್ಕುವವರೆಗೆ. ಆ ತೂತುಗಳನ್ನು ಅಂಡರ್‌ಕೋಟ್‌ನಿಂದ ಮುಚ್ಚುವುದು ಬಹಳ ಕಡೆ ನಡೆಯುವ ತಪ್ಪು, ನೀರು ಒಳಗೇ ನಿಲ್ಲುತ್ತದೆ. ಮಡ್‌ಗಾರ್ಡ್ ಕೂರಿಸುವ ಮುಂಚೆ ಆ ಅಡ್ಡ ತಗಡಿನ ರಬ್ಬರ್ ಹೊಸದು ಹಾಕಿ.

ಎರಡೂ ಸಿಲ್, ಫ್ಲೋರ್, ಸ್ಪ್ರಿಂಗ್ ಬ್ರಾಕೆಟ್‌ಗಳ ಜೊತೆ ಬಾಗಿಲ ಕಂಬಗಳ ಬುಡವೂ ಹೋಗಿದ್ದರೆ ತೇಪೆ ಹಚ್ಚುವ ಲೆಕ್ಕಾಚಾರ ಬಿಡಿ. ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಕಂಪನಿ 1988ರಿಂದ ಮೂಲ ಅಚ್ಚುಗಳನ್ನು ಬಳಸಿ ಹೊಸ ಎಂಜಿಬಿ ಬಾಡಿಯನ್ನೇ ತಯಾರಿಸಿದೆ. ಕೂಲಿ ಕೊಟ್ಟು ವೆಲ್ಡಿಂಗ್ ಮಾಡಿಸುವವರು ಅದರ ಬೆಲೆ ಕೇಳಿಕೊಂಡೇ ಗ್ರೈಂಡರ್‌ಗೆ ಕೈ ಹಾಕುವುದು ಒಳ್ಳೆಯದು.